ಮಾವನ ರೈಫಲ್ಲಿನ ನಾಲ್ಕು ತೂತು

ಮೆಲ್ವಿನ್ ಹಕಾಲನ ಏಳು ಅಂಗಿಗಳಿಗೆ ಬಾಲ ಇರಲಿಲ್ಲ. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಅದರ ಮೇಲೆ ಹೆಸರು ಬರೆದು, ಬೇಟೆ ಕ್ಯಾಂಪಿನ ಗೋಡೆಗೆ ಮೊಳೆ ಹೊಡೆಯುವುದು ಉತ್ತರ ಮಿಶಿಗನ್ನಿನ ಆ ಕಾಡುಗಳ ಕಟ್ಟಲೆ. ಮಾವ ಸುಲೋನ ಕ್ಯಾಂಪಿನ ಗೋಡೆಯಲ್ಲಿ ಅಂಥ ಒಂಬತ್ತು ತುಂಡುಗಳಿದ್ದವು. ಉಳಿದೆರಡರ ಒಡೆಯರು ತೀರಿಹೋಗಿದ್ದರು, ಹಾಗಾಗಿ ಬದುಕಿರುವವರಲ್ಲಿ ಆ ಗೋಡೆ ಮೆಲ್ವಿನ್ನನೊಬ್ಬನದೇ.

ಈ ವರ್ಷ ಮಾವನಿಗೇ ಅಯ್ಯೋ ಪಾಪ ಅನ್ನಿಸಿ ತನ್ನ ಹಳೆಯ ಮಿಲಿಟರಿ ರೈಫಲ್ಲನ್ನು ಅಳಿಯನ ಕೈಗೆ ಕೊಟ್ಟಿದ್ದ. ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಮಾರಿದ ಸಾವಿರಾರು ಬಂದೂಕುಗಳಲ್ಲಿ ಅದೂ ಒಂದು. ಆದರೆ ಅದೇ ರೈಫಲ್ಲಿನಿಂದ ಸುಲೋ ಒಮ್ಮೆ, ಹಳ್ಳದ ಆಚೆ ದಡದಲ್ಲಿ ನಿಂತಿದ್ದ ಹತ್ತು ಕವಲು ಕೊಂಬಿನ ಜಿಂಕೆಯನ್ನು ಬರಿಗಣ್ಣಿನಲ್ಲಿ ಹೊಡೆದಿದ್ದ. ಅದರ ತಲೆ ಕ್ಯಾಂಪಿನ ಬಾಗಿಲ ಮೇಲಿದೆ. ಆ ಕತೆಯನ್ನು ಕೇಳದೆ ಯಾರೂ ಅಲ್ಲಿ ಕಾಫಿ ಕುಡಿದಿಲ್ಲ.

"ಒಂದು ಗೀರು ಬೀಳಬಾರ್ದು," ಅಂದಿದ್ದ ಮಾವ. "ಸ್ಕೋಪು ಗೀಪು ಅಂತ ಏನಾದ್ರೂ ಕೂರಿಸಿದ್ಯೋ, ರೈಫಲ್ಲು ನನ್ನ ಮಗ ರಸ್ಸೆಲ್ಗೆ ಹೋಗುತ್ತೆ. ನೀನು ಕ್ಯಾಂಪಿನ ಅಡುಗೆಗೆ ಆಲೂಗಡ್ಡೆ ಸುಲಿಯೋಕೆ ಹೋಗ್ತೀಯ."

ಮೆಲ್ವಿನ್ ಶಾಲೆಯ ಬಸ್ಸಿನ ಡ್ರೈವರು, ವಯಸ್ಸು ಐವತ್ನಾಲ್ಕು. ಅರ್ಧ ಮೈಲಿ ಆಚೆಯ ಬೋರ್ಡು ಓದಬಲ್ಲ. ಆದರೆ ರೈಫಲ್ಲಿನ ತುದಿಯ ಗುರಿಮುಳ್ಳು ಮಾತ್ರ ಅವನ ಕಣ್ಣಿಗೆ ಮಂಜು ಮೆತ್ತಿದಂತೆ ಕಾಣುತ್ತಿತ್ತು. ಹೀಗಿರುವಾಗ ಹೋದ ವಾರ ಚರ್ಚಿನ ನೆಲಮಾಳಿಗೆಯ ಹಳೇ ಸಾಮಾನು ಮಾರಾಟದಲ್ಲಿ ಒಂದು ಕಾಫಿ ಡಬ್ಬಿ ಸಿಕ್ಕಿತು. ಒಳಗೆ ಕೆಂಪು ಹಿಮ್ಮಡಿಯ ಬೂದು ಉಣ್ಣೆ ಕಾಲುಚೀಲ, ಕಾಲುಚೀಲದೊಳಗೆ ದೂರದ ಗುರಿಯನ್ನು ಹತ್ತಿರ ತೋರಿಸುವ ಹಳೆಯದೊಂದು ಸ್ಕೋಪು, ಅದನ್ನು ಕೂರಿಸುವ ಕಬ್ಬಿಣದ ಪಟ್ಟಿಯ ಸಮೇತ. ಏಳು ಅಂಗಿ ಕಳೆದುಕೊಂಡ ಮನುಷ್ಯ ಇನ್ನೇನು ಮಾಡಿಯಾನು, ಕೊಂಡುಕೊಂಡ.

ಬೇಟೆ ಶುರುವಾಗುವ ಹಿಂದಿನ ದಿನ. ಸಂಜೆ ನಾಲ್ಕಕ್ಕೆ ಮಾವ ಬಂದು ಕ್ಯಾಂಪಿಗೆ ಕರೆದೊಯ್ಯುವವನಿದ್ದ. ಬೆಳಿಗ್ಗೆ ಹತ್ತಕ್ಕೆ ಮೆಲ್ವಿನ್ ಅಂಗಳದಲ್ಲಿ ನಿಂತು, ಬರೀ ಸ್ಕೋಪನ್ನು ಕಣ್ಣಿಗಿಟ್ಟು ಎದುರುಮನೆ ಕಡೆ ನೋಡಿದ. ಎದುರುಮನೆಯ ಕಿಟಕಿಯಲ್ಲಿ ವರ್ನಕ್ಕ ದುರ್ಬೀನು ಹಿಡಿದು ಅವನನ್ನೇ ನೋಡುತ್ತಿದ್ದಳು. ಎರಡು ನಿಮಿಷದಲ್ಲಿ ಅಂಗಳಕ್ಕೂ ಬಂದಳು.

"ಸುಲೋಗೆ ಗೊತ್ತಾ ಇದು?"

"ರೈಫಲ್ಲಿಗೆ ಏನೂ ಮಾಡಲ್ಲ ವರ್ನಕ್ಕ. ಮೇಲೆ ಹಾಗೇ ಕಟ್ತೀನಿ, ಬೇಟೆ ಮುಗಿದ ಮೇಲೆ ಬಿಚ್ತೀನಿ."

"ಕಟ್ಟೋಕೆ ಅದೇನು ಹಸುನಾ?" ಅಂದಳು ವರ್ನಕ್ಕ.

ಮೆಲ್ವಿನ್ ಟೇಪು ಸುತ್ತಿ ಕಟ್ಟಿದ. ಗುಂಡು ತುಂಬಲು ಎಳೆಯುವ ಬೋಲ್ಟನ್ನು ಒಮ್ಮೆ ಎಳೆದದ್ದೇ ತಡ, ಸ್ಕೋಪು ವಾಲಿ ಆಕಾಶ ನೋಡಿತು. ಬಸ್ಸಿನ ನೀರಿನ ಪೈಪಿಗೆ ಹಾಕುವ ಎರಡು ಕ್ಲಾಂಪು ತಂದು ಬಿಗಿದ. ಈಗ ಸ್ಕೋಪು ಅಲುಗಲಿಲ್ಲ, ಆದರೆ ಕ್ಲಾಂಪಿನ ತಿರುಪು ತಾಗಿ ಬೋಲ್ಟೂ ಅಲುಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಲೈಲ್ ಬೇಲಿಯ ಮೇಲೆ ಮೊಣಕೈ ಊರಿದ. ಮೂವತ್ತು ವರ್ಷ ಗಣಿಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಅವನ ಗ್ಯಾರೇಜಿನಲ್ಲಿದ್ದ ಡ್ರಿಲ್ ಯಂತ್ರಕ್ಕೆ ತಿಂಗಳಿಂದ ಕೆಲಸವಿರಲಿಲ್ಲ.

"ನೋಡೋಕಾಗ್ತಿಲ್ಲ ಕಣೋ ನಿನ್ನ ಅವಸ್ಥೆ. ತಗೊಂಡ್ ಬಾ ಇಲ್ಲಿ. ಪಕ್ಕದಲ್ಲಿ ನಾಲ್ಕೇ ನಾಲ್ಕು ತೂತು."

"ತೂತಾ? ಮಾವ ನನ್ನ ಕೊಂದುಬಿಡ್ತಾರೆ."

"ಆಮೇಲೆ ಮುಚ್ಚಿ ಬಣ್ಣ ಬಳಿದುಕೊಡ್ತೀನಿ. ಎಂಬತ್ತು ವರ್ಷದ ಮುದುಕನ ಕಣ್ಣಿಗೆ ಏನ್ ಕಾಣುತ್ತೆ?"

ಬೇಡ ಅನ್ನಬೇಕೆಂದು ಮೆಲ್ವಿನ್ ಬಾಯಿ ತೆರೆದ. ಎಂಟನೆಯ ಅಂಗಿ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದ.

ಲೈಲ್ ರೈಫಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ಯಂತ್ರದಡಿ ಬಿಗಿದು, ಪಟ್ಟಿಯನ್ನು ಒತ್ತಿಟ್ಟು ಸೀಮೆಸುಣ್ಣದಲ್ಲಿ ನಾಲ್ಕು ಗುರುತು ಹಾಕಿದ. "ಇದು ಹಳೇ ಕಾಲದ ಉಕ್ಕು. ಅರ್ಧ ಗಂಟೆ ಬೇಕು," ಎಂದು ಗುಂಡಿ ಒತ್ತಿದ. ಡ್ರಿಲ್ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿದುಬಿಟ್ಟಿತು.

ಇಬ್ಬರೂ ಬಗ್ಗಿ ನೋಡಿದರು.

"ಇದು ಉಕ್ಕಲ್ಲ ಕಣೋ, ಸೀಸ," ಅಂದ ಲೈಲ್. ಉಳಿದ ಮೂರು ಗುರುತನ್ನು ಉಗುರಿನಿಂದ ಕೆರೆದ. ಕಪ್ಪು ಬಣ್ಣದಡಿ ಮೂರು ಕಡೆಯೂ ಸೀಸ. "ಯಾರೋ ಮೊದಲೇ ಕೊರೆದು ಮುಚ್ಚಿದಾರೆ. ನಿನ್ನ ಪಟ್ಟಿಗೆ ಅಳತೆ ಇಟ್ಟ ಹಾಗೆ ಕೂತಿದೆಯಲ್ಲೋ."

ಮೆಲ್ವಿನ್ ತೂತಿನ ಮೇಲೆ ಹೆಬ್ಬೆರಳು ಒತ್ತಿ ಮುಚ್ಚಿದ. ಯಾರೋ ಮಾಡಿದ ತೂತು ಈಗ ತನ್ನ ತಲೆಗೇ ಬರುತ್ತದೆ, ನಾನಲ್ಲ ಅಂದರೆ ಯಾರು ನಂಬುತ್ತಾರೆ? ಲೈಲ್ ಅದ್ಯಾವುದನ್ನೂ ಲೆಕ್ಕಿಸದೆ ಸೀಸ ತೆಗೆದು ತಿರುಪು ಬಿಗಿದ. ಸ್ಕೋಪು ಅಲ್ಲೇ ಹುಟ್ಟಿ ಬೆಳೆದಂತೆ ಕೂತಿತು.

ಆಗಲೇ ಹೊರಗೆ ಪಿಕಪ್ಪಿನ ಸದ್ದು. ಗಂಟೆ ಇನ್ನೂ ಒಂದು.

"ನಾನೇನೂ ಹೇಳಿಲ್ಲಪ್ಪ," ಅಂದಳು ಬಾಗಿಲಲ್ಲಿದ್ದ ವರ್ನಕ್ಕ. "ತೂತು ಕೊರೆಯೋಕೆ ನಿಮ್ಮ ಒಪ್ಪಿಗೆ ಇದೆಯಾ ಅಂತ ಫೋನಲ್ಲಿ ಕೇಳಿದೆ, ಅಷ್ಟೆ."

ಮೆಲ್ವಿನ್ ರೈಫಲ್ಲನ್ನು ಕಂಬಳಿಯಲ್ಲಿ ಸುತ್ತಿ ಲೈಲನ ಫ್ರೀಜರಿನ ಹಿಂದೆ ತುರುಕಿದ. ಸುಲೋ ಒಳಗೆ ಬಂದ. ಮುಖ ಬೆಂಕಿಯಾಗಿತ್ತು. "ಎಲ್ಲಿ ನನ್ನ ರೈಫ..." ಎಂದವನು ಅಲ್ಲೇ ನಿಂತ. ಅವನ ಕಣ್ಣು ಬೆಂಚಿನ ಮೇಲೆ ಉಳಿದುಹೋಗಿದ್ದ ಕಾಲುಚೀಲದ ಮೇಲಿತ್ತು.

"ಇದು ಎಲ್ಲಿ ಸಿಕ್ತು?"

"ಚರ್ಚಿನ ಮಾರಾಟದಲ್ಲಿ, ಮಾವ."

"ಡಾರ್ಲೀನ್ ತಂದುಕೊಟ್ಟ ಪೆಟ್ಟಿಗೆಲಿ ಇತ್ತು," ಅಂದಳು ವರ್ನಕ್ಕ. "ನಿಮ್ಮ ಹಬೆಸ್ನಾನದ ಸೌನಾ ಕೋಣೆ ಗುಡಿಸಿ ಬಂದ ದಿನ."

ಡಾರ್ಲೀನ್ ಅಂದರೆ ಸುಲೋನ ಮಗಳು, ಮೆಲ್ವಿನ್ನನ ಹೆಂಡತಿ. ಮುದುಕ ಕಾಲುಚೀಲವನ್ನು ಕೈಗೆತ್ತಿಕೊಂಡು ಕೆಂಪು ಹಿಮ್ಮಡಿಯನ್ನು ಸವರಿದ. "ಇದನ್ನ ಹೆಣೆದೋಳು ಎಲ್ಮಾ," ಎಂದ ಮೆಲ್ಲಗೆ. ಅವನ ಹೆಂಡತಿ ಹೋಗಿ ಆರು ವರ್ಷವಾಗಿತ್ತು. "ಇದರೊಳಗೆ ಇದ್ದದ್ದು ಎಲ್ಲಿ?"

ಲೈಲ್ ಫ್ರೀಜರಿನ ಹಿಂದಿನಿಂದ ಕಂಬಳಿ ಎಳೆದು ತೆಗೆದ.

ಸುಲೋ ರೈಫಲ್ಲನ್ನು ಎತ್ತಿ, ಬಾಗಿಲಾಚೆಯ ಬರ್ಚ್ ಮರಗಳ ಕಡೆ ಹಿಡಿದು, ಸ್ಕೋಪಿಗೆ ಕಣ್ಣು ಕೊಟ್ಟ. ಇಳಿಸಿದಾಗ ಕಣ್ಣು ಒದ್ದೆಯಾಗಿತ್ತು.

"ಆ ಹತ್ತು ಕವಲಿನ ಜಿಂಕೆ," ಎಂದ ಸುಲೋ, "ಬರಿಗಣ್ಣಲ್ಲಿ ಹೊಡೆದದ್ದಲ್ಲ. ಅವತ್ತು ಹೊಡೆದ ಮೇಲೆ ಕ್ಯಾಂಪಿಗೆ ಹೋಗ್ತಾ ದಾರಿಯಲ್ಲಿ ಈ ಸ್ಕೋಪನ್ನ ಬಿಚ್ಚಿಟ್ಟೆ. ಬರಿಗಣ್ಣಲ್ಲಿ ಹೊಡೆದೆ ಅಂತ ಬಾಯಿಗೆ ಬಂದಿದ್ದು ಹೇಳಿದೆ. ಹೇಳಿದ ಮೇಲೆ ತೂತು ಮುಚ್ಚದೆ ವಿಧಿ ಇರ್ಲಿಲ್ಲ. ಎಲ್ಮಾಗೊಬ್ಬಳಿಗೆ ಗೊತ್ತಿತ್ತು."

ಮೆಲ್ವಿನ್ನನಿಗೆ ಹೋದ ಜೀವ ಬಂದಂತಾಯಿತು. ಏಳು ವರ್ಷದಲ್ಲಿ ಮೊದಲ ಸಲ ಬೆನ್ನು ನೇರವಾಯಿತು. "ಅಂದ್ರೆ ತಪ್ಪು ನಂದಲ್ಲ, ಅಲ್ವಾ ಮಾವ?"

"ನಿಂದಲ್ಲ. ರೈಫಲ್ಲೂ ನಂದು, ಸ್ಕೋಪೂ ನಂದು. ಅದಕ್ಕೇ ಎರಡನ್ನೂ ನಾನೇ ತಗೊಂಡ್ ಹೋಗ್ತೀನಿ. ಹದಿನೈದು ವರ್ಷದಿಂದ ನಂಗೂ ಏನೂ ಕಾಣ್ತಿರ್ಲಿಲ್ಲ, ಗುಂಡು ಹಾರಿಸಿದ್ರೆ ತಾನೇ ತಪ್ಪೋದು ಅಂತ ಸುಮ್ನೆ ಕೂತು ಬರ್ತಿದ್ದೆ. ನೀನು ಆಲೂಗಡ್ಡೆ ನೋಡ್ಕೊ."

ಬಂದೂಕು ಹೋಯಿತು, ಸ್ಕೋಪೂ ಹೋಯಿತು. ಆದರೂ ಮೆಲ್ವಿನ್ ಮನೆಗೆ ನಡೆದದ್ದು ಹಗುರಾಗಿ. ಬಂದೂಕೇ ಇಲ್ಲದವನು ಗುರಿ ತಪ್ಪುವುದು ಹೇಗೆ? ಡಾರ್ಲೀನ್ ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಹೊಸ ಚೌಕುಳಿ ಅಂಗಿಯನ್ನು ಮೊದಲ ಸಲ ಹೊರತೆಗೆದು ತೊಟ್ಟು, ಚೀಲ ಹಿಡಿದು ಪಿಕಪ್ಪಿನ ಹತ್ತಿರ ಬಂದ.

ಸುಲೋ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೊಸ ಅಂಗಿನಾ?"

"ಹೂಂ ಮಾವ. ಈ ಸಲ ಯಾರು ಕತ್ತರಿಸ್ತಾರೆ?"

"ರಸ್ಸೆಲ್ ಕತ್ತರಿಸ್ತಾನೆ. ಸ್ಕೋಪು ಎಲ್ಲಿಂದ ಬಂತು ಅಂತ ಎಲ್ರೂ ಕೇಳ್ತಾರಲ್ಲ. ನನ್ನ ಅಳಿಯ ಕೇಳದೆ ನಾಲ್ಕು ತೂತು ಕೊರೆದ ಅಂತ ಹೇಳ್ಬೇಕಾಗುತ್ತೆ, ಅಂಥ ತಪ್ಪಿಗೂ ಅವರು ಅಂಗಿ ಬಿಡಲ್ಲ. ಬಾಗಿಲ ಮೇಲಿನ ತಲೆನ ಈ ವಯಸ್ಸಲ್ಲಿ ಕೆಳಗಿಳಿಸೋಕಾಗುತ್ತಾ, ನೀನೇ ಹೇಳು. ಹೋಗು, ಹಳೇದು ಹಾಕ್ಕೊಂಡ್ ಬಾ."

ಮುದುಕನ ಜೇಬಿನಿಂದ ಕಾಲುಚೀಲದ ಕೆಂಪು ಹಿಮ್ಮಡಿ ಇಣುಕುತ್ತಿದ್ದುದನ್ನು ಮೆಲ್ವಿನ್ ಒಮ್ಮೆ ನೋಡಿದ. ಒಳಗೆ ಹೋದ. ಹೊಸ ಅಂಗಿಯನ್ನು ಮಡಚಿ ಮತ್ತೆ ಕಪಾಟಿನಲ್ಲಿಟ್ಟ. ಆಮೇಲೆ ಆ ಏಳರಲ್ಲಿ ಒಂದನ್ನು ಆರಿಸಿ ತೊಟ್ಟುಕೊಂಡ. ಬೆನ್ನಿಗೆ ಸ್ವಲ್ಪ ಚಳಿ ಹೊಡೆಯಿತು, ಆದರೆ ಅದರಲ್ಲಿ ಕತ್ತರಿಸಲು ಏನೂ ಉಳಿದಿರಲಿಲ್ಲ.