ಗವಿಸಿದ್ದೇಶನ ಕಂಪ್ಯೂಟರಿಗೆ ವಿಭೂತಿ

ಮದುವೆ ವಿಡಿಯೋ ಎಂದರೆ ಇಡೀ ಬಳ್ಳಾರಿಗೇ ತಾನೊಬ್ಬ ಎಂದು ನಂಬಿದ್ದ ಗಾಂಧಿನಗರದ ಗವಿಸಿದ್ದೇಶ್, ಹೊಸ ಕಂಪ್ಯೂಟರ್ ಕೊಳ್ಳುವಾಗ ಎದೆಯುಬ್ಬಿಸಿ ಸಾರಿದ: "ಚಿತ್ರ ತೋರ್ಸಾಕ ಇಟ್ಟಂಗಿಯಷ್ಟು ದೊಡ್ಡ ಗ್ರಾಫಿಕ್ಸ್ ಕಾರ್ಡ್ ಐತಿ. ಮತ್ತ ಕೆಲಸ ಮಾಡೂ ಪ್ರೊಸೆಸರ್ ಒಳಗ ಇನ್ನೊಂದು ಸಣ್ಣ ಗ್ರಾಫಿಕ್ಸ್ ಯಾಕ? ಬ್ಯಾಡ!"

"ಇರ್ಲಿ ಬಿಡ್ರಿ. ದೊಡ್ಡದು ಕೈ ಕೊಟ್ರ ಸಣ್ಣದು ಬೇಕಾಗ್ತೈತಿ" ಎಂದಳು ಹೆಂಡತಿ ಸುನಂದಾ.

"ನಂದು ಕೈ ಕೊಡೂದಾ? ಏನ್ ಮಾತಾಡ್ತಿ!"

ಆಯುಧಪೂಜೆಗೆ ರಾರಾವಿಯಿಂದ ಅತ್ತೆ, ಸುನಂದಾಳ ತಾಯಿ ಕೊಟ್ರಬಸಮ್ಮ ಬಂದಿಳಿದರು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಪಾಪ, ಅವರು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದರು. ಈಗ ಪಟ್ಟಿ ಬಿಚ್ಚಿತ್ತು. ಆ ವಿಡಿಯೋ ನೋಡಿಕೊಂಡು ಸಂಜೆಯ ಸಿರುಗುಪ್ಪ ಬಸ್ಸಿಗೆ ಹೊರಡಬೇಕಿತ್ತು.

"ಪೂಜಿ ಮುಗೀಲಿ ಅತ್ತಿ, ಟಾಕೀಜಿನ್ಯಾಗ ನೋಡಿದಂಗ ತೋರಸ್ತೀನಿ!"

ಕಂಪ್ಯೂಟರ್ ಡಬ್ಬಿಯ ಮೇಲೊಂದು ಹೂವಿಟ್ಟು ಮುಗಿಸುವ ಭಕ್ತಿ ಅವನದಲ್ಲ. ಮುಚ್ಚಳವನ್ನೇ ಬಿಚ್ಚಿದ! ಒಳಗೆ ಎಲ್ಲಕ್ಕಿಂತ ದುಬಾರಿ ಯಾವುದು? ಗ್ರಾಫಿಕ್ಸ್ ಕಾರ್ಡ್! ವಿಭೂತಿಯನ್ನು ನೀರಲ್ಲಿ ಕಲಸಿ ಮೂರು ಬೆರಳಿಂದ ಅದಕ್ಕೇ ಎಳೆದ. ಕೈಮುಗಿದು ಸ್ವಿಚ್ ಒತ್ತಿದ.

ಫಟ್!

ಫ್ಯಾನು ತಿರುಗಿತು, ಬಣ್ಣಬಣ್ಣದ ದೀಪಗಳು ಹತ್ತಿದವು, ಒದ್ದೆ ವಿಭೂತಿಗೆ ಕಾರ್ಡ್ ಸುಟ್ಟು ಪರದೆ ಮಾತ್ರ ಕಪ್ಪು. ಪರದೆಯ ಕೇಬಲನ್ನು ಕಾರ್ಡಿನಿಂದ ಕಿತ್ತು ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದ. ಆಗಲೂ ಕಪ್ಪು! ಪ್ರೊಸೆಸರಿನೊಳಗೆ ಚಿತ್ರ ತೋರಿಸುವ ಭಾಗವೇ ಇಲ್ಲದ ಮೇಲೆ ಬರುವುದೆಲ್ಲಿಂದ?

"ಅಪ್ಪಾ, ನನ್ನ ಕಣ್ಣಿಗೇ ಮತ್ತ ಏನರ ಆತೇನು?" ಅತ್ತೆ ಗಾಬರಿಯಾದರು.

"ನಿನ್ನ ಕಣ್ಣು ಚಲೋ ಅದಾವ ಯವ್ವಾ. ಇವರ ಕಂಪ್ಯೂಟರಿಗೆ ಕಣ್ಣು ಹೋಗೈತಿ!" ಎಂದಳು ಸುನಂದಾ.

ಹಬ್ಬದ ದಿನ ಅಂಗಡಿಗಳೆಲ್ಲ ಬಂದ್. ಗವಿಸಿದ್ದೇಶನಿಗೆ ಬೆವರು ಕಿತ್ತುಕೊಂಡು ಬಂತು. ಸುನಂದಾ ಅಟ್ಟದಿಂದ ತನ್ನ ಹಳೆಯ ಕಂಪ್ಯೂಟರ್ ಇಳಿಸಿದಳು. ಅದರ ಅಗ್ಗದ ಪ್ರೊಸೆಸರಿನೊಳಗೆ ಉಗುರಿನಷ್ಟಾದರೂ ಗ್ರಾಫಿಕ್ಸ್ ಇತ್ತು! ಅವನು ವಿಡಿಯೋ ಇದ್ದ ಹಾರ್ಡ್ ಡಿಸ್ಕನ್ನು ಅದಕ್ಕೆ ಜೋಡಿಸಿದ. ಪರದೆಯ ಮೇಲೆ ತೊಟ್ಟಿಲು ಮೂಡಿತು, ತಡೆತಡೆದು ತೂಗತೊಡಗಿತು.

ಅತ್ತೆ ಹಿಗ್ಗಿ ಹೀರೇಕಾಯಿಯಾದರು. "ನಿಂತ್ ನಿಂತು ಹೋಗೂದ ಚಲೋ ಐತಿ. ಕೂಸಿನ ಮಕ ಕಣ್ತುಂಬ ನೋಡಬೌದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಕೊನೆಗೆ ಕೇಳಿದರು: "ಎಲ್ಲಾರೂ ಅದಾರ, ಅಳಿಯಂದ್ರ ಎಲ್ಲೂ ಕಾಣವಲ್ರಲ್ಲ?"

ತೊಟ್ಟಿಲ ದಿನವಿಡೀ ಕ್ಯಾಮೆರಾ ಹಿಡಿದು ನಿಂತಿದ್ದ ಅಳಿಯ ಬಾಯಿ ತೆರೆಯುವ ಮೊದಲೇ, ಸುನಂದಾ ಅವನ ಹಣೆಯ ಬೆವರು ಒರೆಸುತ್ತ ಅಂದಳು:

"ಇವರೂ ಆ ಹೊಸ ಪ್ರೊಸೆಸರ್ ಇದ್ದಂಗ ಯವ್ವಾ. ಕೆಲಸಕ್ಕ ಹುಲಿ, ಕಾಣಸ್ಕೊಳ್ಳಾಕ ಮಾತ್ರ ಬರೂದಿಲ್ಲ!"