ಕಣಿವೆಯಲ್ಲೊಂದು ಸುರಕ್ಷತಾ ಪ್ರತಿಜ್ಞೆ

ಗಣಿ ಕಂಪನಿಯ ಸುರಕ್ಷತಾ ಅಧಿಕಾರಿಯಾದ ನನಗೆ ಸಂಡೂರಿನ ಒಂದು ಕಣಿವೆ ಯಾವ ಲೆಕ್ಕ! ಬೆಳಿಗ್ಗೆ ಇಳಿದು, ಹತ್ತಿ, ಮಧ್ಯಾಹ್ನದ ಊಟಕ್ಕೆ ಹೊಸಪೇಟೆಯ ಮನೆಯಲ್ಲಿರುತ್ತೇನೆ ಎಂದು ಘೋಷಿಸಿಬಿಟ್ಟೆ.

ಈ ವೀರಾವೇಶಕ್ಕೆ ಕಾರಣ ಮಗಳು ಪಂಪಾ. ಕಾಲೇಜಿನವರ ಜೊತೆ ಹಿಮಾಲಯದ ಚಾರಣಕ್ಕೆ ಹೊರಟಿದ್ದಳು. ನನ್ನ ಒಪ್ಪಿಗೆಯೊಂದೇ ಬಾಕಿ. ನಾನೋ, ಸುತರಾಂ ಒಪ್ಪಿರಲಿಲ್ಲ.

"ಮೊದಲು ನಮ್ಮೂರ ಕಣಿವಿ ಹತ್ತಿ ತೋರಸವಾ. ನನ್ನ ಜೋಡಿ ಬಾ. ಯಾರು ಮೊದಲು ಕುಂದರ್ತಾರೋ ಅವರು ಸೋತಂಗ. ನೀ ಗೆದ್ರ ಕಳಸ್ತೀನಿ!"

ಹೆಂಡತಿ ರೇಣುಕಾ ನನ್ನ ಹೊಟ್ಟೆಯ ಕಡೆ ನೋಡಿದಳು. "ನಾನೂ ಬರ್ತೀನ್ರಿ. ನಿಮ್ಮನ್ನ ಹೊತ್ಕೊಂಡು ಬರಾಕ ಇಬ್ರಾದ್ರೂ ಬೇಕಲ್ಲ!"

ಭಾನುವಾರ ಕಣಿವೆಯ ಅಂಚಿನಲ್ಲಿ ಇಬ್ಬರನ್ನೂ ಸಾಲಾಗಿ ನಿಲ್ಲಿಸಿದೆ. ಗಣಿಯ ಗೇಟಿನಲ್ಲಿ ದಿನವೂ ಕಾರ್ಮಿಕರಿಂದ ಮಾಡಿಸುವ ಪ್ರತಿಜ್ಞೆ ಇಲ್ಲೂ ಆಗಲೇಬೇಕಲ್ಲ!

"ಬಲಗೈ ಮುಂದ ಚಾಚ್ರಿ! 'ಸುರಕ್ಷತೆಯೇ ನನ್ನ ಉಸಿರು...' ಧ್ವನಿ ಜೋರು! ಆ ಮರದಾಗಿನ ಮಂಗಕ್ಕೂ ಕೇಳಬೇಕು!"

ನನ್ನ ತಲೆಗೆ ಹೆಲ್ಮೆಟ್, ಮೈಗೆ ಹಳದಿ ಜಾಕೆಟ್, ಕಾಲಿಗೆ ಉಕ್ಕಿನ ಮೂತಿಯ ಕಂಪನಿ ಬೂಟು. ತಪಾಸಣೆಯನ್ನೆಲ್ಲ ಎಸಿ ಕೋಣೆಯಲ್ಲಿ ಕೂತೇ ಮುಗಿಸುತ್ತಿದ್ದುದರಿಂದ ಆ ಬೂಟು ಕಲ್ಲುನೆಲ ಕಂಡದ್ದು ಅದೇ ಮೊದಲು. ಪಂಪಾಳ ಹಳೇ ಕ್ಯಾನ್ವಾಸ್ ಷೂ ನೋಡಿ ಮೂಗು ಮುರಿದೆ.

ಇಳಿಜಾರು ಶುರುವಾದದ್ದೇ ತಡ, ಉಕ್ಕಿನ ಮೂತಿ ನನ್ನ ಹೆಬ್ಬೆರಳುಗಳ ಮೇಲೆ ದಂಡಯಾತ್ರೆ ಹೊರಟಿತು! ತಳದ ಹಳ್ಳ ತಲುಪುವಷ್ಟರಲ್ಲಿ ಬೂಟು ಬಿಚ್ಚದೆ ಗತಿಯಿರಲಿಲ್ಲ. ಕೂತು ಬಿಚ್ಚಿದರೆ ಸೋಲು. ನಿಂತೇ ಬಿಚ್ಚಲು ಹೋಗಿ ಒಂಟಿಕಾಲಲ್ಲಿ ತಕಪಕ ಕುಣಿದೆ. ಬಲಗಾಲಿನ ಬೂಟು ಚಿಮ್ಮಿ ಹೋಗಿ ಮಡುವಿಗೆ ಬಿದ್ದು, ಒಂದು ಗುಳ್ಳೆಯನ್ನೂ ಬಿಡದೆ ಮುಳುಗಿತು!

"ಕುಂದರ್ರಿ, ಕಾಲಿಗೆ ಏನರ ಕಟ್ತೀನಿ," ಎಂದಳು ರೇಣುಕಾ.

"ಕುಂದ್ರಂಗಿಲ್ಲ!"

ನಿಂತಲ್ಲೇ ಕಟ್ಟಿಸಿಕೊಂಡೆ, ರೊಟ್ಟಿ ಸುತ್ತಿದ್ದ ಬಟ್ಟೆಯನ್ನು. ಕೆಂಪು ಬಂಡೆಯೋ, ಕಾದ ಹಂಚು. ಒಂದು ಕಾಲು ಗಣಿ ಕಂಪನಿ, ಇನ್ನೊಂದು ಅಡುಗೆಮನೆ, ಹೀಗೆ ನನ್ನ ಆರೋಹಣ ಸಾಗಿತು. ಪಂಪಾ ನನ್ನ ಚೀಲವನ್ನೂ ಹೊತ್ತು, ಸಿಳ್ಳೆ ಹಾಕುತ್ತ ಮುಂದೆ ಹತ್ತುತ್ತಿದ್ದಳು. ನನಗೆ ಭಾಳ ಹೆಮ್ಮೆಯಾಯಿತು. ಹೇಳೋಣವೆಂದರೆ ಉಸಿರೇ ಇರಲಿಲ್ಲ.

ಕೊನೆಯ ಬಂಡೆಯಲ್ಲಿ ನಾನು ಪೂರ್ತಿ ಸಿಕ್ಕಿಬಿದ್ದೆ. ಮೇಲೆ ಮಗಳು, ಕೆಳಗೆ ನನ್ನನ್ನು ಹಿಂದಿನಿಂದ ತಳ್ಳುತ್ತಿದ್ದ ಹೆಂಡತಿ.

"ಅಪ್ಪಾ, ಕುಂತಿಯೇನು?"

"ಇಲ್ಲವಾ, ಒರಗೀನಿ ಅಷ್ಟ! ಜಲ್ದಿ ಕೈ ಕೊಡು!"

"ಬಲಗೈ ಮುಂದ ಚಾಚು."

ಚಾಚಿದೆ. ಅವಳು ಮಾತ್ರ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಳು, ಥೇಟ್ ಗೇಟಿನ ಮುಂದಿನ ನನ್ನಂತೆ!

"ನಾ ಹೇಳಿದಂಗ ಹೇಳು. 'ನನ್ನ ಮಗಳನ್ನ ಹಿಮಾಲಯಕ್ಕ ಕಳಸ್ತೀನಿ...'"

"ನನ್ನ ಮಗಳನ್ನ... ಹಿಮಾಲಯಕ್ಕ..." ಎಂದು ಗೊಣಗಿದೆ.

ಕೆಳಗಿನಿಂದ ರೇಣುಕಾ ಗುಡುಗಿದಳು: "ಧ್ವನಿ ಜೋರ್ರಿ! ಮಂಗಕ್ಕೂ ಕೇಳಬೇಕು!"