ಬಹುತೇಕ ವೀಗನ್ ಷಡ್ಡಕ

ಜನ ಪರರ ಮನೆ, ಕಾರು, ಸೊಂಪಾದ ತಲೆಗೂದಲು ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಒಬ್ಬ ಮನುಷ್ಯನ ರಕ್ತಪರೀಕ್ಷೆಯ ವರದಿ ನೋಡಿ ಹೊಟ್ಟೆಕಿಚ್ಚು ಪಟ್ಟವನು! ಆತ ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ.

ಬ್ಯಾಂಕಿನಿಂದ ನಿವೃತ್ತನಾಗಿ ಶ್ರೀಗಂಧದ ಕಾವಲಿನಲ್ಲಿ ಮನೆ ಕಟ್ಟಿಸಿದ ಈತ, ಗೃಹಪ್ರವೇಶದ ಊಟದಲ್ಲೇ ಹೋಳಿಗೆಗೆ ತುಪ್ಪ ಬಡಿಸಲು ಬಂದವರಿಗೆ ಕೈ ಅಡ್ಡ ಹಿಡಿದು ಘೋಷಿಸಿಬಿಟ್ಟ. "ಇವತ್ತಿನಿಂದ ನಾನು ಪಕ್ಕಾ ವೀಗನ್. ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲಾ ಬಂದ್. ಕರುವಿನ ಪಾಲು ನಮಗ್ಯಾಕ್ರೀ?" ಪಂಕ್ತಿಯಲ್ಲಿದ್ದ ದಾವಣಗೆರೆಯ ನೆಂಟರು ಸಾವಿನ ಸುದ್ದಿ ಕೇಳಿದವರಂತೆ ಕೂತರು. ನಾನು ಮಾತ್ರ ಒಳಗೊಳಗೇ ಕುಣಿದೆ.

ಯಾಕೆ ಗೊತ್ತೇ? ಅತ್ತೆಯ ಬೆಣ್ಣೆ! ನಮ್ಮ ಅತ್ತೆ ಇರುವುದು ನಾಯಂಡಹಳ್ಳಿಯ ನಮ್ಮ ಮನೆಯಲ್ಲಿ. ಎಂಬತ್ತರ ಹತ್ತಿರ ಬಂದರೂ ಪ್ಯಾಕೆಟ್ ಹಾಲಿನ ಕೆನೆ ಕೂಡಿಟ್ಟು ತಾವೇ ಕಡೆದು ಬೆಣ್ಣೆ ತೆಗೆಯುತ್ತಾರೆ. ಮೂವತ್ತು ವರ್ಷಗಳಿಂದ ದೊಡ್ಡ ಮುದ್ದೆ ಹಿರಿಯಳಿಯನ ರೊಟ್ಟಿಗೆ, ಚಿಕ್ಕದು ನನ್ನ ರೊಟ್ಟಿಗೆ. ಇನ್ನು ಎರಡೂ ನನ್ನವೇ ಅಂದುಕೊಂಡೆ.

ಆದದ್ದೇ ಬೇರೆ. "ಅಯ್ಯೋ, ಬೆಣ್ಣೆ ಬಿಟ್ಟು ಅಳಿಯಂದ್ರು ಸೊರಗಿ ಹೋಗ್ತಾರೆ" ಎಂದು ಅತ್ತೆ ಅವನಿಗಾಗಿ ಶೇಂಗಾ ರುಬ್ಬಿ ಹಾಲು ಹಿಂಡಿ, ಮೆಣಸಿನಕಾಯಿ ತೊಟ್ಟು ಹಾಕಿ ಮೊಸರು ಮಾಡುವುದನ್ನು ಕಲಿತರು. ಹುಚ್ಚೆಳ್ಳಿನ ಪುಡಿ, ಅಗಸೆ ಪುಡಿ, ಕರಿ ಎಳ್ಳಿನ ಉಂಡೆ... ಮನೆ ನನ್ನದು, ಮಿಕ್ಸಿ ನನ್ನದು, ಡಬ್ಬಿಗಳು ಮಾತ್ರ ಅವನಿಗೆ! ಬೆಣ್ಣೆ ಬಿಟ್ಟವನಿಗೆ ಹತ್ತು ಬಗೆ, ತಿನ್ನುವವನಿಗೆ ಅದೇ ಹಳೆಯ ಚಿಕ್ಕ ಮುದ್ದೆ. ಇದು ನ್ಯಾಯವೇ?

ಈ ಮಹಾಶಯನಿಗೋ ತನ್ನ ಮೈಯಲ್ಲಿ ಏನು ಕಡಿಮೆಯಾಗಿದೆ ಎಂಬುದೇ ಇಪ್ಪತ್ತನಾಲ್ಕು ಗಂಟೆಯ ಚಿಂತೆ. ಡಿ ವಿಟಮಿನ್ನಿಗೆಂದು ಬೆಳಿಗ್ಗೆ ಹನ್ನೊಂದರ ಬಿಸಿಲಿನಲ್ಲಿ ತಾರಸಿಯ ಮೇಲೆ ಬನಿಯನ್ನೂ ಇಲ್ಲದೆ ಕೂರುತ್ತಾನೆ. ಪಕ್ಕದ ಮನೆಯ ಆಂಟಿ ಒಂದು ದಿನ ಕೂಗಿ ಹೇಳಿದರಂತೆ: "ಸಾರ್, ಹೇಗೂ ಕೂತಿರ್ತೀರಲ್ಲ, ನಮ್ಮ ಹಪ್ಪಳಕ್ಕೆ ಕಾಗೆ ಬರದೇ ಇರೋ ಹಾಗೆ ನೋಡ್ಕೊಳ್ಳಿ!" ಮದುವೆಗೆ ಹೋದರೆ ಜೇಬಿನಿಂದ ನಿಂಬೆಹಣ್ಣು ತೆಗೆದು ಸೊಪ್ಪಿನ ಪಲ್ಯಕ್ಕೆ ಹಿಂಡಿಕೊಳ್ಳುತ್ತಾನೆ. "ಸೊಪ್ಪಲ್ಲಿರೋ ಕಬ್ಬಿಣ ಮೈಗೆ ಹತ್ಬೇಕಲ್ರೀ!" ಊಟವಾಗಿ ಒಂದು ಗಂಟೆ ಕಳೆಯದೆ ಕರಿ ಕಾಫಿಯನ್ನೂ ಮುಟ್ಟುವಂತಿಲ್ಲ, ಆ ಕಬ್ಬಿಣಕ್ಕೆ ಅದು ಅಡ್ಡಿಯಂತೆ. ಛತ್ರದವರು ಕುರ್ಚಿ ಮಡಚುತ್ತಿದ್ದರೂ ಗಡಿಯಾರ ನೋಡುತ್ತಾ, "ಇನ್ನೂ ಇಪ್ಪತ್ತು ನಿಮಿಷ ಇದೆ" ಎಂದು ಕೂತಿರುತ್ತಾನೆ.

ಇವನ ಬಂಡವಾಳ ಬಯಲಾಗಲಿ ಎಂದು ನಾನೇ ಸವಾಲು ಹಾಕಿದೆ. "ಬನ್ನಿ, ಇಬ್ಬರೂ ಒಂದೇ ಕಡೆ ಟೆಸ್ಟ್ ಮಾಡಿಸೋಣ." ಮಾಡಿಸಿದೆವು. ಡಾಕ್ಟರು ಎರಡು ವರದಿಗಳನ್ನೂ ನೋಡಿ ನನ್ನತ್ತ ತಿರುಗಿ ಕೇಳಿದರು: "ವೀಗನ್ ನೀವಾ?"

ದಿನಾ ಹಾಲು, ಮೊಸರು, ಬೆಣ್ಣೆ ತಿಂದ ನನ್ನ ಬಿ-ಟ್ವೆಲ್ವ್ ವಿಟಮಿನ್ ಪಾತಾಳದಲ್ಲಿತ್ತು! "ಸೊಪ್ಪು, ಕಾಳಲ್ಲಿ ಅದು ಸಿಗಲ್ಲ ಅಂತ ಅವರಿಗೆ ಗೊತ್ತು, ಮಾತ್ರೆ ತಗೋತಾರೆ. ನೀವು ಹಾಲು ಕುಡೀತೀನಿ ಅಂತ ನಂಬ್ಕೊಂಡು ಕೂತಿದೀರಿ. ನಿಮ್ಮ ಶುಗರ್ ಮಾತ್ರೆನೂ ಕಾರಣ ಇರ್ಬೋದು" ಎಂದರು ಡಾಕ್ಟರು. ಷಡ್ಡಕ ನಗಲಿಲ್ಲ. ಅಂಗಿಯ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು, "ಇದೇನಾ ಸಾರ್ ಇವರಿಗೂ? ನನ್ನ ಹತ್ರ ಎಕ್ಸ್‌ಟ್ರಾ ಇದೆ" ಎಂದ. ನಕ್ಕಿದ್ದರೇ ವಾಸಿಯಿತ್ತು.

ಇಂಥವನು ಈಚೆಗೆ ಯಾರಾದರೂ ಕೇಳಿದರೆ "ನಾನು ಬಹುತೇಕ ವೀಗನ್" ಎನ್ನತೊಡಗಿದ. ಪಕ್ಕಾ ಎಲ್ಲಿ ಹೋಯಿತು? ಬಹುತೇಕ ಎಲ್ಲಿಂದ ಬಂತು? ಕಳ್ಳ ಎಲ್ಲೋ ಕದ್ದು ತಿನ್ನುತ್ತಿದ್ದಾನೆ! ಪ್ರತಿ ಭಾನುವಾರ ಬೆಳಿಗ್ಗೆ ನಾನೂ ಹೆಂಡತಿಯೂ ತರಕಾರಿಗೆ ಹೋದಾಗ ಆತ ಅತ್ತೆಯನ್ನು ನೋಡಲು ಬರುತ್ತಿದ್ದ. ಒಂದು ಭಾನುವಾರ ಹೆಂಡತಿಯನ್ನು ಟೊಮೆಟೊ ಮುಂದೆ ನಿಲ್ಲಿಸಿ, "ಪರ್ಸ್ ಮರೆತೆ ಕಣೇ" ಎಂದು ಸುಳ್ಳು ಹೇಳಿ ಓಡಿ ಬಂದೆ. ಬೆಕ್ಕಿನ ಹೆಜ್ಜೆಯಲ್ಲಿ ಅಡುಗೆಮನೆ ಹೊಕ್ಕೆ.

ಸಿಕ್ಕಿಬಿದ್ದ! ತಟ್ಟೆಯಲ್ಲಿ ಜೋಳದ ರೊಟ್ಟಿ, ಅದರ ಮೇಲೆ ಅತ್ತೆಯ ಬೆಣ್ಣೆಯ ದೊಡ್ಡ ಮುದ್ದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಕಣ್ಣಿನಲ್ಲೇ ಬೇಡವೆಂದ. ಅತ್ತೆ ಪಕ್ಕದಲ್ಲಿ ಕೂತು, "ನಿಮಗೆ ಬೆಣ್ಣೆ ಅಂದ್ರೆ ಪ್ರಾಣ ಅಲ್ವಾ, ತಿನ್ನಿ" ಎನ್ನುತ್ತಿದ್ದರು. ಆತ ಪೂರ್ತಿ ತಿಂದು, ಕೈ ತೊಳೆದು, ನನ್ನನ್ನು ಹೊರಗೆ ಕರೆದೊಯ್ದ.

"ಇದು ನಾಲ್ಕನೇ ವಾರ. ನಾನು ಬಿಟ್ಟಿದ್ದು ಅವರಿಗೆ ಮರ್ತೇ ಹೋಗಿದೆ. ಬೇಡ ಅಂದ್ರೆ, ಮರ್ತೋಯ್ತಲ್ಲ ಅಂತ ಗಾಬರಿ ಆಗ್ತಾರೆ. ಕಾಲು ಜೋಮು ಹಿಡಿಯುತ್ತೆ ಅಂತಲೂ ಅಂತಿದ್ರು. ಅವರ ಬಿ-ಟ್ವೆಲ್ವ್ ನೋಡಿಸ್ಬೇಕು ಕಣ್ರೀ. ಈ ವಯಸ್ಸಲ್ಲಿ ತಿಂದಿದ್ದೂ ಮೈಗೆ ಹತ್ತಲ್ಲ. ನೀವು ಗಮನಿಸಿಲ್ವಾ?"

ಗಮನಿಸಿರಲಿಲ್ಲ. ಒಂದೇ ಸೂರಿನ ಕೆಳಗಿದ್ದೂ ನಾನು ನೋಡುತ್ತಿದ್ದದ್ದು ಬೆಣ್ಣೆಯ ಮುದ್ದೆಯ ಗಾತ್ರವನ್ನು. ನಾಚಿಕೆಯಾಯಿತು. ಇದನ್ನೂ ಇವನೇ ಮೊದಲು ಕಂಡನಲ್ಲ ಎಂಬ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ?

ಪರೀಕ್ಷೆಯಲ್ಲಿ ಅತ್ತೆಯದು ನನ್ನದಕ್ಕಿಂತಲೂ ಕೆಳಗಿತ್ತು. "ಮರೆವೆಲ್ಲಾ ಇದರಿಂದಲೇ ಅಂತ ಹೇಳಕ್ಕಾಗಲ್ಲ. ಇಂಜೆಕ್ಷನ್ ಕೊಟ್ಟು ನೋಡೋಣ" ಎಂದರು ಡಾಕ್ಟರು. ಪ್ರತಿ ಇಂಜೆಕ್ಷನ್ನಿಗೂ ಷಡ್ಡಕ ಆಟೋ ಹಿಡಿದು ಬಂದ. ಭಾನುವಾರಗಳ ಬೆಣ್ಣೆಯನ್ನೂ ಚಕಾರವೆತ್ತದೆ ತಿಂದ. ಈಗ ನಾನೂ ಪಕ್ಕದಲ್ಲೇ ಕೂರುತ್ತಿದ್ದೆ.

ಹೀಗೆ ಎರಡು ತಿಂಗಳು ಕಳೆದಿರಬೇಕು. ಒಂದು ಭಾನುವಾರ ದೊಡ್ಡ ಮುದ್ದೆ ಹಿಡಿದ ಅತ್ತೆಯ ಕೈ ಎಂದಿನಂತೆ ಅವನ ತಟ್ಟೆಯತ್ತ ಹೋಗಿ ಅರ್ಧದಲ್ಲೇ ನಿಂತಿತು. ಅತ್ತೆ ಅವನ ಮುಖ ನೋಡಿದರು.

"ಅಯ್ಯೋ ಶಿವನೇ, ನೀವು ಬೆಣ್ಣೆ ಬಿಟ್ಟಿದೀರಲ್ಲ! ಶೇಂಗಾ ಮೊಸರು ಮಾಡೇ ಇಲ್ವಲ್ಲ ನಾನು!"

ಮುದ್ದೆ ನನ್ನ ರೊಟ್ಟಿಗೆ ಬಂತು. ಷಡ್ಡಕ ತಲೆ ತಗ್ಗಿಸಿ ಒಣ ರೊಟ್ಟಿ ಮುರಿಯುತ್ತಾ, "ಇವತ್ತಿನಿಂದ ಮತ್ತೆ ಪಕ್ಕಾ ವೀಗನ್ ಕಣ್ರೀ" ಎಂದ. ದನಿ ಒಡೆದಿತ್ತು. ಮೂವತ್ತು ವರ್ಷ ಆಸೆಪಟ್ಟ ಬೆಣ್ಣೆ ನನ್ನ ಬಾಯಲ್ಲಿತ್ತು. ಅದನ್ನು ನುಂಗಿ, ಎದ್ದು ಹೋಗಿ ಅವನಿಗೆಂದು ಶೇಂಗಾ ನೆನೆಹಾಕಿದೆ.